ಅಪ್ಪನ ವಿಲ್ ಕೋರ್ಟಿಗೆ ಒಪ್ಪಿಸಲೇಬೇಕೇನು?

ಸೇಡಂನಿಂದ ಅಕ್ಕಾವ್ರೊಬ್ರು ಬರ್ದಾರ: "ಅಪ್ಪ ತೀರಿಕೊಂಡು ಎರಡು ತಿಂಗಳಾತು. ಟ್ರಂಕಿನಾಗ ಬಿಳಿ ಹಾಳಿ ಮ್ಯಾಲ ಬರ್ದ ವಿಲ್ ಸಿಕ್ಕದ, ಮನಿ ನನಗ, ತೊಗರಿ ಹೊಲ ತಮ್ಮಗ. ರಿಜಿಸ್ಟರ್ ಇಲ್ಲ, ಸ್ಟಾಂಪ್ ಪೇಪರೂ ಅಲ್ಲ. ಸಾಕ್ಷಿ ಹಾಕಿದವ್ರಲ್ಲಿ ಒಬ್ರು ಇಲ್ಲ, ಇನ್ನೊಬ್ರು ಎಂಬತ್ತು ದಾಟಿದ ಮಾಸ್ತರು. ಕ್ಯಾಲಿಫೋರ್ನಿಯಾದಾಗಿರೋ ತಮ್ಮ 30 ದಿನದಾಗ ಕೋರ್ಟಿಗೆ ಕೊಡಬೇಕಿತ್ತು ಅಂತಾನ. ಏನ್ ಮಾಡ್ಲಿ?"

ಮೊದ್ಲು ಸಮಾಧಾನ ಮಾಡ್ಕೊರಿ ಅಕ್ಕಾವ್ರೆ. ತಮ್ಮ ಹೇಳಿದ್ದು ಸುಳ್ಳಲ್ಲ, ಕ್ಯಾಲಿಫೋರ್ನಿಯಾದಾಗ ಖರೇನೇ ಅಂಥ ಕಾನೂನದ, ವಿಲ್ ಕೈಯಾಗಿದ್ದವ್ರು 30 ದಿನದಾಗ ಅಲ್ಲಿನ ಕೋರ್ಟಿಗೆ ಒಪ್ಪಿಸ್ಬೇಕು, ಆದ್ರ ಅದು ಸೇಡಂ ತನಕ ಬರಂಗಿಲ್ಲ. ನಮ್ಮಲ್ಲಿ ಹಂಗ ಒಪ್ಪಿಸೋ ಗಡುವಿಲ್ಲ. ಹಿಂದೂಗಳಿಗೆ ಪ್ರೊಬೇಟ್ (ವಿಲ್ ಖರೇ ಅದ ಅಂತ ಕೋರ್ಟ್ ಕೊಡೋ ಮುದ್ರಿ) ಕಡ್ಡಾಯ ಅನ್ನೋದೂ ಮುಂಬೈ, ಮದ್ರಾಸು, ಬಂಗಾಳದ ಕಡಿ ಬ್ರಿಟಿಷರ ಕಾಲದಿಂದ ಇದ್ದ ಮಾತು, ನಮ್ದು 1948ರ ತನಕ ನಿಜಾಮರ ಸೀಮೆ, ಹಂಗಾಗಿ ಅದು ನಮಗ ಹತ್ತಿದ್ದೇ ಇಲ್ಲ. ವಿಲ್ಲಿಗೆ ಸ್ಟಾಂಪ್ ಪೇಪರ್ ಬೇಕಿಲ್ಲ, ರಿಜಿಸ್ಟರೂ ಕಡ್ಡಾಯ ಅಲ್ಲ, ಬೇಕಂದ್ರ ತೀರಿಕೊಂಡ ಮ್ಯಾಲೂ ಸಬ್ ರಿಜಿಸ್ಟ್ರಾರ್ ಮುಂದ ಹಾಜರು ಮಾಡಬಹುದು, ಅವ್ರು ವಿಚಾರಣಿ ಮಾಡಿ ರಿಜಿಸ್ಟರ್ ಮಾಡ್ತಾರ.

ನನಗ ಚಿಂತಿ ಇರೋದು ಆ ಮಾಸ್ತರ ವಯಸ್ಸಿಂದು. ರಿಜಿಸ್ಟರ್ ಆದ ವಿಲ್ಲಿಗೂ ಜಗಳ ಬಂದ್ರ ಸಾಕ್ಷಿ ಹಾಕಿದ ಇಬ್ಬರಾಗ ಒಬ್ಬರಾದ್ರೂ ಕೋರ್ಟಿಗೆ ಬಂದು ಹೌದು ನನ್ನ ಮುಂದನೇ ಸಹಿ ಮಾಡಿದ್ರು ಅನ್ಬೇಕು, ಇಬ್ರೂ ಇಲ್ಲಂದ್ರ ಆಮ್ಯಾಲ ಅಕ್ಷರ ಗುರುತಿಸೋರನ್ನ ಹುಡುಕಾಡೋದು, ಅದೊಂದು ದೊಡ್ಡ ರಗಳಿ. ಅದಕ್ಕ ದಾಯಾದಿ ಪೈಕಿ ಯಾರಾದ್ರೂ ತಕರಾರು ತೆಗಿಯೋ ವಾಸನಿ ಬಂದಿದ್ರ ಕಡ್ಡಾಯ ಇಲ್ಲದಿದ್ರೂ ಕಲಬುರಗಿ ಜಿಲ್ಲಾ ಕೋರ್ಟಿಗೆ ಈಗಲೇ ಹೋಗೋದು ಶಾಣ್ಯಾತನ. ವಿಲ್ಲಿನಾಗ 'ಇಂಥವ್ರು ಇದನ್ನ ಜಾರಿ ಮಾಡಬೇಕು' ಅಂತ ಹೆಸರಿದ್ರ ಅವ್ರೇ ಪ್ರೊಬೇಟ್ ಕೇಳ್ಬೇಕು, ಇಲ್ಲಂದ್ರ ನೀವು ಲೆಟರ್ಸ್ ಆಫ್ ಅಡ್ಮಿನಿಸ್ಟ್ರೇಶನ್ (ವಿಲ್ ಪ್ರಕಾರ ಆಸ್ತಿ ಹಂಚಾಕ ಕೋರ್ಟ್ ಕೊಡೋ ಅಧಿಕಾರ ಪತ್ರ) ಕೇಳ್ರಿ. ಕೋರ್ಟ್ ಫೀ ಆಸ್ತಿ ಬೆಲಿ ಮ್ಯಾಲ ಇರ್ತದ, ಹತ್ತಿರದವ್ರಿಗೆಲ್ಲ ನೋಟಿಸ್ ಹೋಗ್ತದ, ಯಾರಾದ್ರೂ ಅಡ್ಡ ಬಂದ್ರ ಅದೇ ದಾವಾದಂಗ ನಡೀತದ. ಮಾಸ್ತರಿಗೆ ಓಡಾಡೋದು ಆಗಂಗಿಲ್ಲ ಅಂದ್ರ ಕಮಿಷನರ್ ನೇಮಿಸಿ ಮನ್ಯಾಗೇ ಹೇಳಿಕಿ ತಗೋರಿ ಅಂತ ವಕೀಲರ ಕಡಿಂದ ಅರ್ಜಿ ಹಾಕಸ್ರಿ.

ಮತ್ತ ಆ ಹಾಳಿ ಲ್ಯಾಮಿನೇಶನ್ ಮಾಡಸ್ಬ್ಯಾಡ್ರಿ! ಭಾಳ ಮಂದಿ ಜ್ವಾಪಾನ ಅಂತ ಮಾಡಸ್ತಾರ, ನಾಳೆ ಸಹಿ ಪರೀಕ್ಷೆಗೆ ಕಳಸೋದು ಬಂದ್ರ ತ್ರಾಸು. ಝೆರಾಕ್ಸ್ ಹತ್ತು ಮಾಡಸ್ರಿ, ಅಸಲಿ ಮಾತ್ರ ಯಾರ ಕೈಗೂ ಕೊಡಬ್ಯಾಡ್ರಿ.

ಹೊಲ ಅಪ್ಪ ಸ್ವಂತ ತಗೊಂಡಿದ್ದೋ ಪಿತ್ರಾರ್ಜಿತವೋ ಬರ್ದಿಲ್ಲ ನೀವು. ಪಿತ್ರಾರ್ಜಿತ ಇದ್ರ ಅವ್ರ ಪಾಲಷ್ಟೇ ವಿಲ್ಲಿಗೆ ಬರ್ತದ. ಮನೆಯವ್ರೆಲ್ಲ ಒಪ್ಪಿದ್ರ ಕೋರ್ಟ್ ಬ್ಯಾಡ, ಮರಣ ಪ್ರಮಾಣ ಪತ್ರ ಹಚ್ಚಿ ಪಹಣಿಗೆ ತಹಸೀಲ್ ಆಫೀಸಿನಾಗ, ಮನಿಗೆ ಪುರಸಭಾದಾಗ ಅರ್ಜಿ ಕೊಡ್ರಿ. ತಮ್ಮಗ ಅಲ್ಲಿನ ನಮ್ಮ ಕಾನ್ಸುಲೇಟ್ ಸಹಿ ಸಿಕ್ಕಾ ಇರೋ ಒಪ್ಪಿಗಿ ಪತ್ರ ಕಳಸಂತ ಹೇಳ್ರಿ.