ಸಾಂಬ್ರಾದಲ್ಲಿ ವಿಮಾನ ತಡವಾದರೆ ತಂಡದವರು ಒಬ್ಬರನ್ನೊಬ್ಬರು ದೂರುತ್ತಾರೆ: ಪ್ರತಿಕ್ರಿಯೆ

ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ವಿಮಾನ ತಡವಾದಾಗಲೆಲ್ಲ ನಿಮ್ಮ ತಂಡದವರು ಒಬ್ಬರನ್ನೊಬ್ಬರು ದೂರುತ್ತಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ಲಗೇಜ್‌ನವರು ಗೇಟ್‌ನವರನ್ನು, ಗೇಟ್‌ನವರು ಕ್ಲೀನಿಂಗ್‌ನವರನ್ನು ದೂರಲು ಕಾರಣ ಬಹುಶಃ ನಿಮ್ಮ ತಡದ ರಿಪೋರ್ಟೇ. ಪ್ರತಿ ತಡಕ್ಕೂ ಅದು ಒಂದು ವಿಭಾಗದ ಹೆಸರು ಕೇಳುತ್ತದೆ. ಬೈಗುಳಕ್ಕೆ ಹೆದರಿದವರು ವಿಷಯ ಮುಚ್ಚಿಡುತ್ತಾರೆ, ಅಲ್ವಾ? ನಾನಿದ್ದ ಗ್ರೌಂಡ್ ತಂಡದಲ್ಲೂ ಹೀಗೇ ಇತ್ತು.

ಅಮೆರಿಕದ ಸೌತ್‌ವೆಸ್ಟ್ ಏರ್‌ಲೈನ್ಸ್ 1972ರಲ್ಲಿ ತನ್ನ ನಾಲ್ಕು ವಿಮಾನಗಳಲ್ಲಿ ಒಂದನ್ನು ಮಾರಬೇಕಾಯಿತು. ಇಳಿದ ವಿಮಾನವನ್ನು 10 ನಿಮಿಷದಲ್ಲಿ ಮತ್ತೆ ಹೊರಡಿಸಿ, ಉಳಿದ ಮೂರರಲ್ಲೇ ಟೈಮ್‌ಟೇಬಲ್ ನಡೆಸಿತು. 'ಇದು ನನ್ನ ಕೆಲಸ ಅಲ್ಲ' ಅನ್ನುವವರಿದ್ದರೆ ಅದು ಆಗುತ್ತಿರಲಿಲ್ಲ. ಮುಂದೆ ಅಲ್ಲಿ ತಡಕ್ಕೆ ಒಂದೇ ವಿಭಾಗದ ಹೆಸರು ಹಾಕುವ ಬದಲು 'ತಂಡದ ತಡ' ಎಂದು ಬರೆಯುವ ಪದ್ಧತಿಯೂ ಬಂತು. ನನಗೆ ಜಾಸ್ತಿ ಇಷ್ಟವಾದದ್ದು ಅದೇ.

ಮೊದಲು ನಿಮ್ಮ ಒಳಗಿನ ರಿಪೋರ್ಟ್‌ನಲ್ಲಿ ಅದನ್ನೇ ಬರೆಯಿರಿ. ತಡದ ಕಾರಣಕ್ಕೆ ಕಂಪನಿ ಕೇಳುವ ಅಧಿಕೃತ ಕೋಡ್ ಮುಟ್ಟಬೇಡಿ. ಆಮೇಲೆ ವಿಮಾನ ಹೊರಟ ಕೂಡಲೇ ಎಲ್ಲರನ್ನೂ ಐದು ನಿಮಿಷ ನಿಲ್ಲಿಸಿ, ಕೆಲಸ ಎಲ್ಲಿ ಸಿಕ್ಕಿಹಾಕಿಕೊಂಡಿತು ಅಂತ ಮಾತ್ರ ಕೇಳಿ. ಯಾರಿಂದ ಅಂತ ಕೇಳಬೇಡಿ. ತಾನಾಗಿ ತಪ್ಪು ಹೇಳಿದವನಿಗೆ ಎಲ್ಲರೆದುರು ಥ್ಯಾಂಕ್ಸ್ ಹೇಳಿ. ಸುರಕ್ಷತೆಯ ಚೆಕ್ ಮಾತ್ರ ಅವಸರಕ್ಕೆ ಬಿಡುವಂತಿಲ್ಲ.

ಲಗೇಜ್ ಎಳೆಯುವ ಟ್ರ್ಯಾಕ್ಟರ್, ವಿಮಾನ ಹತ್ತುವ ಏಣಿಗಳೇ ಕಡಿಮೆ ಇದ್ದರೆ ಇದರಿಂದ ಸಮಯ ಉಳಿಯಲಿಕ್ಕಿಲ್ಲ. ಆಗ ಆ ಐದು ನಿಮಿಷದಲ್ಲಿ ಬಂದ ಉತ್ತರಗಳನ್ನೇ ಬರೆದು ಸ್ಟೇಷನ್ ಮ್ಯಾನೇಜರ್‌ಗೆ, ಅಂದರೆ ನಿಲ್ದಾಣದಲ್ಲಿ ಕಂಪನಿಯ ಕೆಲಸ ನೋಡಿಕೊಳ್ಳುವವರಿಗೆ, ಕೊಡಿ.