ಊಟದ ಲೆಕ್ಕದಲ್ಲಿ ತಪ್ಪು ಹುಡುಕುತ್ತಿದ್ದ ತಾಯಿ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಚೊಚ್ಚಲ ಬಸುರಿ, 30ನೇ ವಾರ. ಸ್ಕ್ಯಾನ್‌ನಲ್ಲಿ ಮಗುವಿನ ಅಂದಾಜು ತೂಕ 3ನೇ ಪರ್ಸೆಂಟೈಲ್‌ಗಿಂತ ಕೆಳಗಿತ್ತು; ಅಂದರೆ ಅದೇ ವಾರದ ನೂರು ಮಕ್ಕಳಲ್ಲಿ ತೀರ ಚಿಕ್ಕ ಮೂವರ ಸಾಲಿನಲ್ಲಿ. ರಕ್ತದ ಹರಿವನ್ನು ನೋಡುವ ಡಾಪ್ಲರ್ ಸ್ಕ್ಯಾನ್‌ನಲ್ಲಿ ಹೊಕ್ಕುಳಬಳ್ಳಿಯ ರಕ್ತಹರಿವಿಗೆ ತಡೆ ಹೆಚ್ಚಿತ್ತು, ತಾಯಿಯ ರಕ್ತದಲ್ಲಿ ಮಾಸು (ಪ್ಲಾಸೆಂಟಾ) ಸ್ರವಿಸುವ ಪಿಎಲ್‌ಜಿಎಫ್ ಎಂಬ ಪ್ರೋಟೀನ್ ತೀರ ಕಡಿಮೆ. ಊಟಕ್ಕೆ ಕುಳಿತಾಗಲೆಲ್ಲ ಅಳುತ್ತಾರೆಂದು ವೈದ್ಯರು ನನ್ನ ಬಳಿ ಕಳುಹಿಸಿದ್ದರು.

ಆಕೆ ಒಂದು ನೋಟ್‌ಬುಕ್ ಮುಂದಿಟ್ಟರು. ತಿಂದದ್ದು, ಬಿಟ್ಟದ್ದು, ವಾಂತಿಯಾದದ್ದು ಎಲ್ಲವೂ ಅದರಲ್ಲಿತ್ತು. ಅಲ್ಲಲ್ಲಿ ಕೆಂಪು ಗೆರೆ. "ಯಾವ ದಿನ ತಪ್ಪಾಯಿತು, ಹೇಳಿ" ಎಂದರು. ಕೆಲವು ಗೆರೆಗಳನ್ನು ಎಳೆದವರು ಮನೆಯ ಹಿರಿಯರೆಂದು ಆಮೇಲೆ ತಿಳಿಯಿತು.

ನಾನು ಮಾಸಿನ ವಿಷಯ ಎತ್ತಿದೆ. ಗರ್ಭದ ಮೊದಲರ್ಧದಲ್ಲಿ ಮಾಸಿನ ಜೀವಕೋಶಗಳು ಗರ್ಭಕೋಶದ ಸುರುಳಿ ಅಪಧಮನಿಗಳೊಳಕ್ಕೆ ಇಳಿದು ಅವನ್ನು ಅಗಲ ಮಾಡುತ್ತವೆ. ಆ ಕೆಲಸ ಅರ್ಧಕ್ಕೇ ನಿಂತರೆ ಮಾಸಿಗೆ ರಕ್ತ ಸರಿಯಾಗಿ ಸಿಗುವುದಿಲ್ಲ. ಆಗ ರಕ್ತನಾಳ ಬೆಳೆಸುವ ಪಿಎಲ್‌ಜಿಎಫ್ ಇಳಿಯುತ್ತದೆ. ಅದನ್ನೂ ಅದೇ ಬಗೆಯ ವಿಇಜಿಎಫ್ ಅನ್ನೂ ಹಿಡಿದು ಕಟ್ಟಿಹಾಕುವ ಎಸ್‌ಎಫ್‌ಎಲ್‌ಟಿ-1 ಎಂಬ ಇನ್ನೊಂದು ಪ್ರೋಟೀನ್ ಏರುತ್ತದೆ. ತಾಯಿ ಎಷ್ಟು ಉಂಡರೂ ಮಗುವಿಗೆ ದಾಟುವ ದಾರಿಯೇ ಕಿರಿದು. ತೀವ್ರ ಅಪೌಷ್ಟಿಕತೆ, ಧೂಮಪಾನಗಳಿದ್ದರೆ ಮಾತು ಬೇರೆ; ಆಕೆಗೆ ಎರಡೂ ಇರಲಿಲ್ಲ. ಇದನ್ನು ಮನೆಯವರನ್ನೂ ಕೂರಿಸಿಕೊಂಡು ಇನ್ನೊಮ್ಮೆ ಹೇಳಿದೆ. ಒಬ್ಬರನ್ನೇ ಸಮಾಧಾನಪಡಿಸಿ ಕಳುಹಿಸಿದರೆ ಮನೆ ತಲುಪುವಷ್ಟರಲ್ಲಿ ಅದು ಕರಗಿರುತ್ತದೆ.

ಪತಿ ರಕ್ತನಾಳ ಹಿಗ್ಗಿಸುವ ಸಿಲ್ಡೆನಾಫಿಲ್ ಎಂಬ ಔಷಧದ ಬಗ್ಗೆ ಓದಿಕೊಂಡು ಬಂದಿದ್ದರು. ನೆದರ್ಲೆಂಡ್ಸ್‌ನಲ್ಲಿ ಇದೇ ತೊಂದರೆಗೆ ಅದನ್ನು ಕೊಟ್ಟು ನೋಡುತ್ತಿದ್ದ ಪ್ರಯೋಗವನ್ನು, ನವಜಾತ ಶಿಶುಗಳಲ್ಲಿ ಶ್ವಾಸಕೋಶದ ತೊಂದರೆ ಮತ್ತು ಸಾವುಗಳು ಕಂಡದ್ದರಿಂದ 2018ರಲ್ಲಿ ನಿಲ್ಲಿಸಲಾಯಿತು ಎಂದೆ. ಅವರು ಮತ್ತೆ ಆ ಮಾತೆತ್ತಲಿಲ್ಲ.

ಕೊಟ್ಟ ಸಲಹೆ ಇಷ್ಟೆ. ಹಸಿವಿಗೆ ತಕ್ಕಷ್ಟು ಉಣ್ಣಿ, ಲೆಕ್ಕ ಬೇಡ. ಹಾಸಿಗೆ ಹಿಡಿದು ಮಲಗುವುದರಿಂದ ಮಗು ಬೆಳೆಯುತ್ತದೆಂಬುದಕ್ಕೆ ಆಧಾರವಿಲ್ಲ. ಮಗುವಿನ ಒದೆತ ಎಂದಿಗಿಂತ ಕಡಿಮೆ ಎನಿಸಿದರೆ ಬೆಳಗಿನವರೆಗೆ ಕಾಯದೆ ಆಸ್ಪತ್ರೆಗೆ ಹೊರಡಿ. ವಿಪರೀತ ತಲೆನೋವು, ಮಂಜಾದ ದೃಷ್ಟಿ, ಪಕ್ಕೆಲುಬಿನ ಕೆಳಗೆ ನೋವು ಬಂದರೂ ಹಾಗೆಯೇ. ಇದೇ ಮಾಸಿನ ದೋಷ ತಾಯಿಯ ರಕ್ತದೊತ್ತಡವನ್ನೂ ಏರಿಸಬಲ್ಲದು. ಡಾಪ್ಲರ್ ಹದಗೆಟ್ಟರೆ ಹೆರಿಗೆಯನ್ನು ಬೇಗ ಮಾಡಿಸಬೇಕಾಗಬಹುದು. ಅದಕ್ಕೆ ಮುನ್ನ ಮಗುವಿನ ಶ್ವಾಸಕೋಶ ಬಲಿಯಲು ತಾಯಿಗೆ ಸ್ಟಿರಾಯ್ಡ್ ಚುಚ್ಚುಮದ್ದು ಕೊಡುತ್ತಾರೆ. ನವಜಾತ ಶಿಶುಗಳ ತುರ್ತು ನಿಗಾ ಘಟಕವನ್ನು ಈಗಲೇ ಒಮ್ಮೆ ನೋಡಿಬನ್ನಿ ಎಂದೂ ಹೇಳಿದೆ.

ಮುಂದಿನ ಬಸಿರಿನ ಪ್ರಶ್ನೆ ಕೊನೆಗೆ ಬಂತು. ಹೆರಿಗೆಯ ನಂತರ ಮಾಸನ್ನು ಪರೀಕ್ಷೆಗೆ ಕಳುಹಿಸಲು ಕೇಳಿ, ಮತ್ತೆ ಗರ್ಭಿಣಿಯಾದರೆ 16ನೇ ವಾರಕ್ಕೆ ಮೊದಲೇ ಕಡಿಮೆ ಪ್ರಮಾಣದ ಆಸ್ಪಿರಿನ್ ಬೇಕೇ ಎಂದು ವೈದ್ಯರೊಂದಿಗೆ ಮಾತನಾಡಿ ಎಂದೆ. ಎರಡನ್ನೂ ಆಕೆ ಅದೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.