ಆರ್‌ಸಿಯಲ್ಲಿ 1947, ಫೋಟೋದಲ್ಲಿ ರೆಕ್ಕೆ

ಪ್ರಶ್ನೆ: ಆಲ್ದೂರು ಕಡೆ ನಮ್ಮದು ಸಣ್ಣ ಕಾಫಿ ತೋಟ. ಬೆಂಗಳೂರಿನವರೊಬ್ಬರು ಕ್ಯಾಡಿಲಾಕ್ ಸೀರೀಸ್ 62 ಕನ್ವರ್ಟಿಬಲ್ (ಟಾಪ್ ಮಡಚುವ ಅಮೆರಿಕನ್ ಕಾರು) ಮಾರುತ್ತಿದ್ದಾರೆ. ಆರ್‌ಸಿಯಲ್ಲಿ 1947 ಅಂತಿದೆ. ಪೂರ್ತಿ ರಿಸ್ಟೋರ್ ಮಾಡಿಸಿದ್ದಾರಂತೆ. ಕೆನೆ ಬಣ್ಣ, ಕೆಂಪು ಲೆದರ್ ಸೀಟು, ಎಡಗಡೆ ಸ್ಟಿಯರಿಂಗ್, ಹಿಂದೆ ಎರಡು ಪುಟ್ಟ ರೆಕ್ಕೆ. ಮಗಳ ಮದುವೆಗೆ ಆಗುತ್ತೆ, ಆಮೇಲೆ ಮೆರವಣಿಗೆಗೆ ಬಾಡಿಗೆಗೂ ಬಿಡಬಹುದು ಅಂತ ಲೆಕ್ಕ ಹಾಕಿದ್ದೇನೆ. ತಗೋಬಹುದಾ ಸಾರ್?
– ಹೆಸರು ಬೇಡ, ಆಲ್ದೂರು

ಉತ್ತರ: ನಿಮ್ಮ ಪತ್ರದಲ್ಲೇ ಒಂದು ತಕರಾರಿದೆ. ಕ್ಯಾಡಿಲಾಕ್‌ಗೆ ರೆಕ್ಕೆ ಬಂದಿದ್ದೇ 1948ರಲ್ಲಿ. ಲಾಕ್‌ಹೀಡ್ ಪಿ-38 ಯುದ್ಧ ವಿಮಾನದ ಬಾಲ ನೋಡಿ ಹೊಳೆದ ಡಿಸೈನ್ ಅದು. 1947ರ ಗಾಡಿಗೆ ರೆಕ್ಕೆ ಇರಲಿಲ್ಲ. ಅಂದರೆ ಯಾರೋ ಕಾಗದದಲ್ಲಿ ವರ್ಷ ತಪ್ಪು ಬರೆಸಿದ್ದಾರೆ, ಇಲ್ಲವೇ ಆರ್‌ಸಿ ಒಂದು ಗಾಡಿಯದು, ಬಾಡಿ ಇನ್ನೊಂದರದು. ಮೊದಲನೆಯದಾದರೆ ಆರ್‌ಟಿಓಗೆ ಅಲೆದು ಸರಿಪಡಿಸಬಹುದು. ಎರಡನೆಯದಾದರೆ ಕೈಮುಗಿದು ಬಂದುಬಿಡಿ.

ಇದನ್ನು ಕಂಡುಹಿಡಿಯೋದು ಕಷ್ಟವಲ್ಲ. ಆ ಕಾಲದ ಕ್ಯಾಡಿಲಾಕ್‌ಗೆ ಎಂಜಿನ್ ನಂಬರೇ ಗುರುತಿನ ನಂಬರ್. ಎಂಜಿನ್ ಬ್ಲಾಕ್ ಮೇಲೂ ಇರುತ್ತೆ, ಚಾಸಿಸ್ ಮೇಲೂ ಇರುತ್ತೆ. 1948ರ ಸೀರೀಸ್ 62 ಆದರೆ 4862 ಅಂತ ಶುರುವಾಗಬೇಕು. ಒಂದು ಟಾರ್ಚ್, ಸ್ವಲ್ಪ ಸೀಮೆಎಣ್ಣೆ, ಹಳೇ ಬಟ್ಟೆ ತಗೊಂಡು ಹೋಗಿ. ಗ್ರೀಸ್ ಒರೆಸಿ ನೀವೇ ಓದಿ, ಆರ್‌ಸಿ ಜೊತೆ ತಾಳೆ ನೋಡಿ. ಅವರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಫೋಟೋ ನಂಬಬೇಡಿ.

ಇನ್ನು ರಿಸ್ಟೋರ್ ವಿಷಯ. ಬಣ್ಣ ನೋಡಿ ಮರುಳಾಗಬೇಡಿ, ಬಣ್ಣ ಯಾರು ಬೇಕಾದರೂ ಹೊಡೀತಾರೆ. ಚಿಕ್ಕಮಗಳೂರಲ್ಲಿ ಗ್ಯಾರೇಜ್ ನಡೆಸಿದವನು ನಾನು, ಮೊದಲು ನೋಡೋದು ಟಾಪನ್ನೇ. ಈ ಗಾಡಿಯಲ್ಲಿ ಟಾಪು, ಕಿಟಕಿ ಗಾಜು, ಮುಂದಿನ ಸೀಟು ಮೂರೂ ಒಂದೇ ಹೈಡ್ರಾಲಿಕ್ ಪಂಪಿನಿಂದ ಕೆಲಸ ಮಾಡುತ್ತವೆ. ಅದರೊಳಗೆ ಇದ್ದದ್ದು ಬ್ರೇಕ್ ಆಯಿಲ್. ಸೀಲ್ ಹೋಗಿ ಸೋರಿದರೆ ಪೇಂಟ್ ಗುಳ್ಳೆ ಏಳುತ್ತೆ. ಹಾಗಾಗಿ ಬಾಗಿಲ ಒಳಪ್ಯಾಡ್‌ನ ಕೆಳ ಅಂಚಿಗೆ ಬೆರಳು ಹಾಕಿ ನೋಡಿ, ಅಂಟು ಸಿಕ್ಕಿತೋ, ಸೋರಿದೆ ಅಂತಲೇ ಅರ್ಥ. ಹಿಂದಿನ ಸೀಟಿನ ಬೆನ್ನನ್ನೂ ಎತ್ತಿಸಿ, ಅಲ್ಲೂ ಸೋರಿದೆಯಾ ನೋಡಿ. ಟಾಪನ್ನು ಎರಡು ಮೂರು ಸಲ ಮುಚ್ಚಿ ತೆಗೆಸಿ. ಒಂದು ಕಡೆ ಮೊದಲು ಎದ್ದು ಇನ್ನೊಂದು ಕಡೆ ಹಿಂದುಳಿದರೆ ಹಿಂದುಳಿದ ಕಡೆ ಟಾಪ್ ಎತ್ತುವ ಹೈಡ್ರಾಲಿಕ್ ಸಿಲಿಂಡರ್ ಮೇಲೆ ಅನುಮಾನ ಇಟ್ಟುಕೊಳ್ಳಿ.

ಕರೆಂಟು 6 ವೋಲ್ಟ್. ನಮ್ಮವರು ಸುಮ್ನೆ 12 ವೋಲ್ಟ್ ಗಾಡಿಯ ತೆಳು ಕೇಬಲ್ ಹಾಕಿಬಿಡುತ್ತಾರೆ. ಅದಕ್ಕೇ ಬಿಸಿ ಎಂಜಿನ್ ಮತ್ತೆ ಸ್ಟಾರ್ಟ್ ಆಗೋಕೆ ನರಳುತ್ತೆ. ದಪ್ಪ ಕೇಬಲ್ ಹಾಕಿದರೆ ಅರ್ಧ ಕಾಯಿಲೆ ವಾಸಿ. 5.7 ಲೀಟರ್ ಫ್ಲಾಟ್‌ಹೆಡ್ ವಿ8 (ಹಳೇ ಮಾದರಿಯ ಎಂಟು ಸಿಲಿಂಡರ್ ಎಂಜಿನ್), 150 ಕುದುರೆ ಶಕ್ತಿ. ಓಡೋಕೆ ತೊಂದರೆಯಿಲ್ಲ, ನಿಲ್ಲಿಸೋದೇ ಕಷ್ಟ. ಸುಮಾರು ಎರಡು ಟನ್ ಗಾಡಿ, ನಾಲ್ಕೂ ಡ್ರಮ್ ಬ್ರೇಕ್, ಬ್ರೇಕ್ ಒತ್ತೋಕೆ ನೆರವಾಗುವ ಬೂಸ್ಟರ್ ಇಲ್ಲ, ಪವರ್ ಸ್ಟಿಯರಿಂಗೂ ಇಲ್ಲ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಸೋ ಆಸೆ ಇದ್ದರೆ ‘ಲೋ’ ಗೇರಿನಲ್ಲೇ ಇಳಿಸಿ. ಹೈಡ್ರಾಮ್ಯಾಟಿಕ್ ಅನ್ನೋ ಆಟೊಮ್ಯಾಟಿಕ್ ಗೇರ್ ಬಾಕ್ಸ್ ಇದ್ದರೂ ಅದರಲ್ಲಿ ‘ಪಾರ್ಕ್’ ಇರಲ್ಲ. ಎಂಜಿನ್ ಆಫ್ ಮಾಡಿ ರಿವರ್ಸ್‌ಗೆ ಹಾಕಿ ನಿಲ್ಲಿಸಬೇಕು. ಮದುವೆ ಮನೆ ಡ್ರೈವರ್‌ಗೆ ಇದನ್ನು ಹೇಳದೆ ಕೀ ಕೊಡಬೇಡಿ!

ಬಾಡಿಗೆ ಲೆಕ್ಕ ಬಿಟ್ಟುಬಿಡಿ. 2021ರ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಯನ್ನು ವಿಂಟೇಜ್ ಅಂತ ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷ ಊರ್ಜಿತ. ಆದರೆ ಅದನ್ನು ರಸ್ತೆಗಿಳಿಸೋದು ಪ್ರದರ್ಶನ, ರ‍್ಯಾಲಿ, ಪೆಟ್ರೋಲ್, ರಿಪೇರಿ ಇಂಥದ್ದಕ್ಕೆ ಮಾತ್ರ. ವ್ಯಾಪಾರಕ್ಕೆ ಬಳಸುವಂತಿಲ್ಲ. ಹಳೇ ಖಾಸಗಿ ನಂಬರ್ ಇಟ್ಟುಕೊಂಡರೂ ಬಾಡಿಗೆಗೆ ಬಿಡೋದು ತಪ್ಪೇ. ಎಡಗಡೆ ಸ್ಟಿಯರಿಂಗ್ ಇರೋದರಿಂದ ಸಿಗ್ನಲ್ ಕೊಡುವ ಸಾಧನ ಕೆಲಸ ಮಾಡುತ್ತಿರಲೇಬೇಕು, ಕಾನೂನೇ ಹಾಗಿದೆ.

ಇಷ್ಟಾದ ಮೇಲೂ ಮನಸ್ಸು ಕೇಳದಿದ್ದರೆ ತಗೊಳ್ಳಿ, ನನಗೇನು ಹೊಟ್ಟೆಕಿಚ್ಚಿಲ್ಲ. ಆದರೆ ಆಲ್ದೂರಿನ ಮಳೆ ನಿಮಗೇ ಗೊತ್ತು. ಸುಮಾರು 18 ಅಡಿ ಉದ್ದದ ಗಾಡಿ, ಅದಕ್ಕೆ ತೇವ ಏರದ ಶೆಡ್ಡು ಬೇಕು. ಒದ್ದೆ ಟಾಪನ್ನು ಮಡಚಿಟ್ಟರೆ ವಾರದಲ್ಲಿ ಬೂಷ್ಟು ಹಿಡಿಯುತ್ತೆ, ಹಾಗಾಗಿ ಮಳೆಗಾಲ ಪೂರ್ತಿ ಮುಚ್ಚೇ ಇಡಿ. ಕಾಫಿ ಗೋಡೌನಿನ ಮೂಲೆ ಖಾಲಿ ಮಾಡೋಕೆ ಮನೆಯವರು ಒಪ್ಪುತ್ತಾರಾ, ಅದನ್ನೂ ಕೇಳಿಕೊಂಡೇ ಅಡ್ವಾನ್ಸ್ ಕೊಡಿ.